ಅಂದಾನಪ್ಪ ಇಳಕಲ್ಲಿನಲ್ಲಿ ಕೈ ಎತ್ತಿದರೆ ಬಾದಾಮಿಯಲ್ಲಿ ದೀಪ

ಇಳಕಲ್ಲ ಶಹರದ ಹಾಗೂ ಸುತ್ತಮುತ್ತಲಿನ ಸಮಸ್ತ ಬಂಧು ಬಾಂಧವರಿಗೆ ಈ ಮೂಲಕ ತಿಳಿಯಪಡಿಸುವುದೇನೆಂದರೆ, ಅಂದಾನಪ್ಪನವರ ಮನೆಯ ಪಡಸಾಲೆಯಲ್ಲಿ ತೂಗಾಡುತ್ತಿರುವ ಸೀಲಿಂಗ್ ಫ್ಯಾನು ಇನ್ನು ಮುಂದೆ ಯಜಮಾನರ ಬಲಗೈ ಸನ್ನೆಗೆ ಮಾತ್ರ ತಿರುಗತಕ್ಕದ್ದು. ಮನೆಗೆ ಬಂದವರು ಕೈ ಮುಗಿದು ಶರಣು ಎಂದಾಗ ಯಜಮಾನರು ತಿರುಗಿ ಕೈ ಮುಗಿಯದಿದ್ದಲ್ಲಿ ಅದನ್ನು ಸೊಕ್ಕೆಂದು ಭಾವಿಸಬಾರದು. ಅವರು ಕೈ ಮುಗಿದರೆ ಫ್ಯಾನು, ಲೈಟು, ಟೀವಿ, ಮಿಕ್ಸರ್ ಎಲ್ಲವೂ ಒಮ್ಮೆಗೇ ಬಂದಾಗುತ್ತವೆ. ಸರ್ವರೂ ಸಹಕರಿಸಬೇಕಾಗಿ ವಿನಂತಿ.

ಈ ಪ್ರಕಟಣೆಯನ್ನು ಯಾವ ಗೋಡೆಗೂ ಅಂಟಿಸಿಲ್ಲ. ಅಂದಾನಪ್ಪನ ತಾಯಿ ಗುರುಲಿಂಗವ್ವ ಬಂದವರಿಗೆಲ್ಲ ಬಾಗಿಲಲ್ಲೇ ನಿಂತು ಬಾಯಿಂದಲೇ ಹೊರಡಿಸುತ್ತಾಳೆ. ಅವಳ ಸರ್ಕಾರಿ ಭಾಷೆ ಸ್ವಲ್ಪ ಬೇರೆ. "ಶರಣು ಗಿರಣು ಎಲ್ಲಾ ಹೊರಗ ಮುಗಿಸ್ಕೊಂಡು ಒಳಗ ಬರ್ರಿ. ನಮ್ಮ ಅಂದಾನಿ ಕೈ ಮುಗದ್ರ ನನ್ನ ಧಾರಾವಾಹಿ ಮುಗೀತೈತಿ."

ಆ ಕೈಯ ಕಥೆ ತಿಳಿಯಬೇಕೆಂದರೆ ಬೆಳಗು ಪೂರ್ತಿ ಕಣ್ಣು ಬಿಡುವ ಮೊದಲೇ ಊರ ಹೊರಗಿನ ಕೆಂಪು ಗ್ರಾನೈಟ್ ಖಣಿಗೆ ಹೋಗಬೇಕು. ಕಂಪ್ರೆಸರ್ ಆಗಲೇ ಗಂಟಲು ಹರಿದುಕೊಳ್ಳುತ್ತಿದೆ. ಕೆಳಗೆ ದೊಡ್ಡ ತಗ್ಗು. ತಗ್ಗಿನ ತಳದಲ್ಲಿ ದೇವರ ಮನೆಯಷ್ಟು ಗಾತ್ರದ ಕಲ್ಲೊಂದು ಉಕ್ಕಿನ ಹಗ್ಗ ಕಟ್ಟಿಸಿಕೊಂಡು ಮಲಗಿದೆ. ದಂಡೆಯ ಮೇಲೆ ಕ್ರೇನು. ಅದರ ಗೂಡಿನಲ್ಲಿ ಕೂತ ಹನಮಂತಪ್ಪನಿಗೆ ತಗ್ಗಿನ ತಳ ಕಾಣುವುದಿಲ್ಲ, ಕಲ್ಲು ಕಾಣುವುದಿಲ್ಲ, ಕಲ್ಲಿನ ಪಕ್ಕ ನಿಂತ ಮನುಷ್ಯರೂ ಕಾಣುವುದಿಲ್ಲ. ಕಾಣುವುದು ದಂಡೆಯ ತುದಿಯಲ್ಲಿ ನಿಂತ ಅಂದಾನಪ್ಪನ ಬಲಗೈ ಮಾತ್ರ.

ಅಂದಾನಪ್ಪ ತೋರುಬೆರಳನ್ನು ಮುಗಿಲಿಗೆ ಮಾಡಿ ಗಾಳಿಯಲ್ಲೊಂದು ಸಣ್ಣ ಸುತ್ತು ಬರೆಯುತ್ತಾನೆ. ಹಗ್ಗ ಬಿಗಿಯುತ್ತದೆ, ಕಲ್ಲು ನೆಲ ಬಿಡುತ್ತದೆ. ಬೆರಳು ನೆಲಕ್ಕೆ ತಿರುಗಿದರೆ ಕಲ್ಲು ಇಳಿಯುತ್ತದೆ. ಎರಡೂ ಕೈ ಎದೆಯ ಮುಂದೆ ಜೋಡಿಸಿದರೆ ಕ್ರೇನು ಉಸಿರು ಹಿಡಿದು ನಿಲ್ಲುತ್ತದೆ. ಲೋಕದಲ್ಲಿ ಬೇರೆಯವರು ಕೈ ಎತ್ತಿದರೆಂದರೆ ಕೆಲಸ ಕೆಟ್ಟಿತು ಎಂದರ್ಥ. ಇಲ್ಲಿ ಅಂದಾನಪ್ಪ ಕೈ ಎತ್ತಿದ ಮೇಲೇ ಕೆಲಸ ಶುರು. ಕಣಿ ಹೇಳುವವರು ಊರವರ ಕೈ ನೋಡುತ್ತಾರೆ, ಖಣಿಯಲ್ಲಿ ದುಡಿಯುವವರು ಅಂದಾನಪ್ಪನ ಕೈ ನೋಡುತ್ತಾರೆ. ಭವಿಷ್ಯದ ಮಟ್ಟಿಗೆ ಎರಡನೆಯದೇ ಹೆಚ್ಚು ಖಾತ್ರಿ.

"ನನಗ ನನ್ನ ಹೇಣ್ತಿ ಮಾರಿಗಿಂತ ಈ ಮಗನ ಕೈ ಭಾಳ ಗುರ್ತ ಐತ್ರಿ" ಎನ್ನುತ್ತಾನೆ ಹನಮಂತಪ್ಪ, ಚಹಾದ ಬಿಡುವಿನಲ್ಲಿ ಗೂಡಿನಿಂದ ಇಳಿದು. "ಉಗರ ತಗದಾನೋ ಇಲ್ಲೋ ಅದನ್ನೂ ಮ್ಯಾಲೆ ಕುಂತ ಹೇಳತೇನಿ. ಮುಂಜಾನೆ ಮನ್ಯಾಗ ಜಗಳಾಡಿ ಬಂದಿದ್ರ ಬೆರಳು ಸ್ವಲ್ಪ ಜೋರ ತಿರುಗತೈತಿ."

"ಮನ್ಯಾಗ ಜಗಳಾಡಾಕ ಯಾರದಾರೋ?" ಎನ್ನುತ್ತಾನೆ ಅಂದಾನಪ್ಪ. ಆ ಇಡೀ ಮುಂಜಾನೆ ಅವನು ಆಡಿದ ಮೊದಲ ಮಾತು ಅದು. ಹನಮಂತಪ್ಪ ನಗುವುದನ್ನು ನಿಲ್ಲಿಸಿ ಚಹಾದ ಕಪ್ಪು ನೋಡುತ್ತಾನೆ.

ಹೆಸರಿನಲ್ಲೇ 'ಅಂದಾನ' ಇದ್ದರೂ ಈತ ಏನಾದರೂ ಅಂದದ್ದನ್ನು ಕೇಳಿದವರು ಕಡಿಮೆ. ಮೀಸೆ ಚಿಗುರುವ ವಯಸ್ಸಿನಲ್ಲಿ ಕಲ್ಲಿಗೆ ತೂತು ಕೊರೆಯುವ ಯಂತ್ರ ಹಿಡಿಯಲು ಈ ಖಣಿಗೆ ಬಂದವನು. ಯಂತ್ರ ಕಲ್ಲನ್ನೂ ಕೊರೆಯಿತು, ಎಡಗಿವಿಯನ್ನೂ ಕೊರೆಯಿತು. ಈಗ ಆ ಕಿವಿ ಪೂರ್ತಿ ಮಂದ, ಬಲಗಿವಿ ಅರ್ಧ ಮಂದ. ಕ್ರೇನಿಗೆ ಸನ್ನೆ ಮಾಡುವವರು ಕೆಲಸ ಬಿಟ್ಟಾಗ ಮೇಸ್ತ್ರಿ ಇವನನ್ನು ದಂಡೆಗೆ ನಿಲ್ಲಿಸಿದ. ಕೂಗಿದರೂ ಕೇಳದ ಜಾಗಕ್ಕೆ ಕೂಗುವ ಚಟವಿಲ್ಲದ ಮನುಷ್ಯನೇ ಬೇಕಿತ್ತು.

ಇಂಥ ಲೇಖನಗಳಲ್ಲಿ ಅಂಕಿಸಂಖ್ಯೆ ಇರಬೇಕೆಂಬ ಪದ್ಧತಿಗೆ ಮಣಿದು, ದಿನಕ್ಕೆ ಎಷ್ಟು ಸಲ ಕೈ ಎತ್ತುತ್ತೀರಿ ಎಂದು ಕೇಳಲಾಯಿತು. ಅಂದಾನಪ್ಪ ಸ್ವಲ್ಪ ಯೋಚಿಸಿ ಹೇಳಿದ: "ಎಣಿಸಾಕ ಬೆರಳು ಖಾಲಿ ಇರಬೇಕಲ್ರಿ."

ಮನೆಯಲ್ಲಿ ಜಗಳಾಡಬೇಕಾದವಳ ಹೆಸರು ಭುವನೇಶ್ವರಿ. ನರ್ಸ್. ಬಹಳ ವರ್ಷ ಕಾದ ಮೇಲೆ ಸರ್ಕಾರಿ ಕೆಲಸ ಸಿಕ್ಕಿತು, ಬಾದಾಮಿಯಲ್ಲಿ. ಇಳಕಲ್ಲ ಕಡೆ ಜಾಗ ಖಾಲಿ ಇರಲಿಲ್ಲ, ಈಗಲೂ ಇಲ್ಲ. ಬನಶಂಕರಿ ರಸ್ತೆಯ ಓಣಿಯೊಂದರಲ್ಲಿ ಒಂದು ಬಾಡಿಗೆ ಕೋಣೆ. ಶನಿವಾರ ಡ್ಯೂಟಿ ಮುಗಿಸಿ ಅಮೀನಗಡ, ಹುನಗುಂದ ದಾಟಿ ಇಳಕಲ್ಲಿಗೆ ಬರುತ್ತಾಳೆ. ಸೋಮವಾರದ ಮೊದಲ ಬಸ್ಸಿಗೆ ಹೋಗುತ್ತಾಳೆ. ವಾರದಲ್ಲಿ ಒಂದೇ ಒಂದು ಪೂರ್ತಿ ದಿನದ ಸಂಸಾರ. ಅದರಲ್ಲೂ ಅರ್ಧ ದಿನ ಬಟ್ಟೆ ಒಗೆಯುವುದಕ್ಕೆ.

"ಮದುವಿ ಆದ ಹೊಸದಾಗ ಇವರು ನನ್ನ ಮ್ಯಾಲೆ ಸಿಟ್ಟಾಗ್ಯಾರ ಅಂತ ತಿಳ್ಕೊಂಡಿದ್ದೆ" ಎನ್ನುತ್ತಾಳೆ ಭುವನೇಶ್ವರಿ. "ಮಾತ ಇಲ್ಲ ಕಥಿ ಇಲ್ಲ. ಆಮ್ಯಾಲೆ ತಿಳೀತು, ಇವರ ಮಾತೆಲ್ಲಾ ಮಣಿಕಟ್ಟಿನಿಂದ ಬರ್ತಾವು ಅಂತ. ಉಪ್ಪು ಹೆಚ್ಚಾದ್ರ ಬೆರಳು ಹಿಂಗ. ಸಾರು ಚಲೋ ಆಗಿದ್ರ ಹಿಂಗ. ನಾ ಇಲ್ಲೇ ಇದ್ದಾಗ ಡ್ಯೂಟಿಯಿಂದ ಸುಸ್ತಾಗಿ ಬಂದ್ರ ಬಾಗಲ್ದಾಗ ನಿಂತು ಅಂಗೈ ಹಿಂಗ ಕೆಳಗ ಮಾಡತಿದ್ರು. ಕುಂದುರು, ಏನೂ ಮಾಡಬ್ಯಾಡ ಅಂತ."

ಮಣಿಕಟ್ಟಿನಿಂದ ಮಾತಾಡುವ ಗಂಡನಿಗೆ ಫೋನು ಕೊಟ್ಟರೆ ಏನಾಗುತ್ತದೆ? ಊಟ ಆಯಿತೇ, ಹೂಂ. ನಿನ್ನದು? ಹೂಂ. ಅಷ್ಟಕ್ಕೆ ಮುಗಿಯಿತು. ವಿಡಿಯೋ ಮಾಡಿದರೆ ಪಾಸ್‌ಪೋರ್ಟ್ ಫೋಟೋಕ್ಕೆ ಕೂತವನಂತೆ ಕಣ್ಣು ಪಿಳುಕಿಸದೆ ಕೂರುತ್ತಾನೆ, ಏಕೆಂದರೆ ಮಾತಾಡಬೇಕಾದ ಕೈಯೇ ಫೋನು ಹಿಡಿದಿರುತ್ತದೆ. ಫೋನನ್ನು ಡಬ್ಬಿಗೆ ಒರಗಿಸಿ ಕೈ ಬಿಡಿಸಿಕೊಂಡರೆ ಆ ಜಾಗಕ್ಕೆ ಗುರುಲಿಂಗವ್ವ ಬಂದು ಕೂತು ಸೊಸೆಗೆ ಇಡೀ ಓಣಿಯ ಸುದ್ದಿ ಒಪ್ಪಿಸುತ್ತಾಳೆ.

ಹೋದ ವರ್ಷ ಮಳೆಗಾಲದ ಒಂದು ಸಂಜೆ ಭುವನೇಶ್ವರಿ ಫೋನು ಮಾಡಿ, "ಜ್ವರ ಬಂದಾವ್ರಿ" ಎಂದಳು.

ಈ ಕಡೆಯಿಂದ ಬಂದ ಉತ್ತರ: "ಜ್ವಾಳ ಬಂದಾವ? ಚಲೋ ಆತು. ಬೀಸಿಸಿ ರೊಟ್ಟಿ ಮಾಡ್ಕೋ."

ಅವಳು ಇನ್ನೊಮ್ಮೆ ಹೇಳಲಿಲ್ಲ. ಹೇಳುವಷ್ಟು ಶಕ್ತಿ ಇರಲಿಲ್ಲ, ಜೊತೆಗೆ ನಗುವೂ ಬಂತು. ಅಂದಾನಪ್ಪನಿಗೆ ನಿಜ ಗೊತ್ತಾದದ್ದು ಆ ವಾರ ಅವಳು ಸೊರಗಿ ಮನೆಗೆ ಬಂದಾಗ. ಜೋಳವಲ್ಲ, ಜ್ವರ. ಮೈ ಸುಡುತ್ತಿದ್ದಾಗ ಡ್ಯೂಟಿ ಮುಗಿಸಿ ಕೋಣೆಗೆ ಬಂದಿದ್ದಾಳೆ. ಒಳಗೆ ಕತ್ತಲೆ. ಕತ್ತಲ ಕೋಣೆಗೆ ಒಬ್ಬಳೇ ಕಾಲಿಡುವುದೆಂದರೆ ಅವಳಿಗೆ ಮೊದಲಿನಿಂದಲೂ ಆಗದು. ಬೀಗದ ಕೈ ಹಿಡಿದುಕೊಂಡು ಮೆಟ್ಟಿಲ ಮೇಲೆ ಕೂತುಬಿಟ್ಟಿದ್ದಾಳೆ. ಇದನ್ನೆಲ್ಲ ಅತ್ತೆಗೆ ಹೇಳುತ್ತ ಅವಳು ಕೊನೆಗೆ ಒಂದು ಮಾತು ಅಂದಳಂತೆ: "ಯಾರರ ಒಂದು ದೀಪ ಹಚ್ಚಿ ಇಟ್ಟಿದ್ರ ಸಾಕಾಗಿತ್ತು."

ಆ ಮಾತು ಮಾತ್ರ ಅಂದಾನಪ್ಪನ ಅರ್ಧ ಮಂದ ಕಿವಿಗೆ ಪೂರ್ತಿ ಕೇಳಿಸಿತು.

ಇಳಕಲ್ಲ ಬಜಾರಿನಲ್ಲಿ ಮೊಬೈಲ್ ರಿಪೇರಿ ಅಂಗಡಿ ಇಟ್ಟಿರುವ ಜಹಾಂಗೀರನಿಗೆ ಸಾಮ್ರಾಜ್ಯವಿಲ್ಲ, ಒಂದು ಟೇಬಲ್ಲು ಮತ್ತು ಭೂತಗನ್ನಡಿ ಇದೆ. ಅಂದಾನಪ್ಪ ಅಲ್ಲಿಗೆ ಹೋಗಿ ತನ್ನ ಬಲಗೈ ತೋರಿಸಿ, ಪಶ್ಚಿಮ ದಿಕ್ಕಿಗೆ ಬೆರಳು ಮಾಡಿ, ಗಾಳಿಯಲ್ಲಿ ಒಂದು ಸುತ್ತು ತಿರುಗಿಸಿದ. ಜಹಾಂಗೀರ ಮೊದಲು ಫೋನಿಗೆ ಏನೋ ಆಗಿದೆ ಎಂದುಕೊಂಡ, ಆಮೇಲೆ ಅಂದಾನಪ್ಪನಿಗೆ ಏನೋ ಆಗಿದೆ ಎಂದುಕೊಂಡ.

"ಅಂದಾನಣ್ಣ, ಬಾಯಿ ಬಿಟ್ಟು ಹೇಳೋ ಮಾರಾಯಾ."

"ನಾ ಇಲ್ಲಿ ಕೈ ಎತ್ತಿದ್ರ ಬಾದಾಮ್ಯಾಗ ಅಕಿ ಕೋಣ್ಯಾಗ ಲೈಟ್ ಹತ್ತಬೇಕು. ಅಕಿ ಕೀಲಿ ತಗಿಯೂದರಾಗ."

"ಅಷ್ಟ ಅಲ್ಲಾ? ಫೋನಿನಾಗ ಒಂದು ಗುಂಡಿ ಮಾಡಿ ಕೊಡತೇನಿ. ಒತ್ತಿಬಿಡು, ಹತ್ತತೈತಿ. ಅದೂ ಬ್ಯಾಡಂದ್ರ ಹೊತ್ತು ಮುಳಗೂ ವ್ಯಾಳೆಕ್ಕ ತಾನ ಹತ್ತೂವಂಗ ಮಾಡೂಣು."

ಅಂದಾನಪ್ಪ ತಲೆ ಅಲ್ಲಾಡಿಸಿದ. ಆಮೇಲೆ ಅವನು ಹೇಳಿದ್ದನ್ನು ಜಹಾಂಗೀರ ಈಗಲೂ ಬಂದ ಗಿರಾಕಿಗಳಿಗೆಲ್ಲ ಹೇಳುತ್ತಾನೆ. "ಒತ್ತಿದ್ರ ದೀಪ ಹತ್ತತೈತಿ, ಅಷ್ಟ. ಎತ್ತಿದ್ರ ನನ್ನ ಕೈ ಹೋಗಿ ಮುಟ್ಟತೈತಿ."

ಫೋನನ್ನು ಅಡ್ಡ ಹಿಡಿದರೆ ಚಿತ್ರವೂ ಅಡ್ಡವಾಗುತ್ತದಲ್ಲ, ಆ ತಿರುವನ್ನು ಗುರುತಿಸುವ ಅಕ್ಕಿಕಾಳಿನಷ್ಟು ಚಿಪ್ಪನ್ನು ಜಹಾಂಗೀರ ಒಂದು ಹಳೆಯ ವಾಚಿನ ಹೊಟ್ಟೆಯಲ್ಲಿ ಕೂರಿಸಿದ. ಪಟ್ಟಿಗೆ ಗುರುಲಿಂಗವ್ವನ ಹಳೆಯ ಇಳಕಲ್ಲ ಸೀರೆಯ ಕೆಂಪು ದಡಿ. ಕೈ ಹೇಗೆ ತಿರುಗಿತು ಎಂಬುದನ್ನು ಪಟ್ಟಿ ಫೋನಿಗೆ ಹೇಳುತ್ತದೆ. ಫೋನು ಅದನ್ನು ಫ್ಯಾನಿನ, ಬಲ್ಬಿನ ಗುಂಡಿಯ ಹಿಂದೆ ಅಡಗಿಸಿಟ್ಟ ಡಬ್ಬಿಗೆ ಹೇಳುತ್ತದೆ. ಒಟ್ಟಿನಲ್ಲಿ ಚಾಡಿ ಹೇಳುವ ವ್ಯವಸ್ಥೆ. ಯಾವ ಸನ್ನೆಗೆ ಏನು ಅರ್ಥ ಎಂದು ಮೊದಲು ಪಟ್ಟಿಗೆ ಕಲಿಸಬೇಕು. ಬಾದಾಮಿಗೆ ಒಯ್ಯುವ ಮುನ್ನ ಮನೆಯಲ್ಲೇ ಕಲಿಸೋಣ ಎಂದರು. ಗುರುಲಿಂಗವ್ವನ ಕಷ್ಟಕಾಲ ಶುರುವಾದದ್ದು ಹೀಗೆ.

ಅಂದಾನಪ್ಪ ಕಲಿಸಿದ್ದು ಖಣಿಯ ಸನ್ನೆಗಳನ್ನೇ. ಬೆರಳು ಮೇಲೆ ಸುತ್ತಿದರೆ ಲೈಟು, ಫ್ಯಾನು ಚಾಲೂ. ಕೆಳಗೆ ಸುತ್ತಿದರೆ ಫ್ಯಾನು ನಿಧಾನ. ಎದೆಯ ಮುಂದೆ ಕೈ ಜೋಡಿಸಿದರೆ ಎಲ್ಲಾ ಬಂದ್. ಮೊದಲ ವಾರವೇ ಹುನಗುಂದದ ಸೋದರಮಾವ ಕೋರ್ಟಿನ ಕೆಲಸ ಮುಗಿಸಿಕೊಂಡು ಮನೆಗೆ ಬಂದರು. ಅಂದಾನಪ್ಪ ಎದ್ದು, ಶರಣ್ರಿ ಮಾವ ಎಂದು ಕೈ ಮುಗಿದ. ಫ್ಯಾನು ನಿಂತಿತು, ಲೈಟು ಹೋಯಿತು, ಟೀವಿಯಲ್ಲಿ ಅಳುತ್ತಿದ್ದವಳು ಅರ್ಧಕ್ಕೇ ಅಳು ನಿಲ್ಲಿಸಿದಳು. ಗಾಬರಿಯಾಗಿ ಮತ್ತೆ ಹತ್ತಿಸಿದ. ಊಟಕ್ಕೆ ಏಳಿ ಎಂದು ವಿನಯದಿಂದ ಮತ್ತೆ ಕೈ ಮುಗಿದ. ಮತ್ತೆ ಕತ್ತಲೆ. ಮಾವ ಚಪ್ಪಲಿ ಹುಡುಕುತ್ತ, "ಏನಪಾ ಅಂದಾನಿ, ನಾ ಬಂದಕೂಡ್ಲೆ ಕರೆಂಟ್ ಹೋಗತೈತಲ್ಲೋ ನಿಮ್ಮನ್ಯಾಗ" ಎಂದು ಮುಖ ಸಣ್ಣದು ಮಾಡಿಕೊಂಡು ಹೊರಟುಹೋದರು.

ಗುರುಲಿಂಗವ್ವ ಒಮ್ಮೆ ತಾನೇ ಪಟ್ಟಿ ಕಟ್ಟಿಕೊಂಡು ರೊಟ್ಟಿ ಬಡಿಯಲು ಕೂತಳು. ಬಡಿತಕ್ಕೊಮ್ಮೆ ಲೈಟು ಹತ್ತಿ, ಬಡಿತಕ್ಕೊಮ್ಮೆ ಹೋಗಿ, ಅಡುಗೆಮನೆ ಆರ್ಕೆಸ್ಟ್ರಾದ ಸ್ಟೇಜಿನಂತಾಯಿತು. "ಬ್ಯಾರೆ ಸನ್ನಿ ಕಲಿಸೂಣು ಬಿಡಣ್ಣ" ಎಂದ ಜಹಾಂಗೀರ. ಅದಕ್ಕೂ ಅಂದಾನಪ್ಪ ಒಪ್ಪಲಿಲ್ಲ.

"ಖಣ್ಯಾಗೊಂದು ಮನ್ಯಾಗೊಂದು ಅಂದ್ರ ಕೈ ಮರೀತೈತಿ. ಮನ್ಯಾಗ ಮರತ್ರ ಫ್ಯಾನ್ ನಿಂದರತೈತಿ. ಖಣ್ಯಾಗ ಮರತ್ರ ಕೆಳಗ ಮಂದಿ ಇರ್ತಾರ."

ಹೀಗಾಗಿ ಸನ್ನೆ ಬದಲಾಗಲಿಲ್ಲ, ಶರಣು ಹೊಸ್ತಿಲ ಹೊರಗೆ ಹೋಯಿತು. ಮುಂಜಾನೆ ಲಿಂಗಪೂಜೆಗೆ ಕೂರುವ ಮುನ್ನ ಅಂದಾನಪ್ಪ ಪಟ್ಟಿ ಬಿಚ್ಚಿ ಗೂಟಕ್ಕೆ ಹಾಕುತ್ತಾನೆ. ಖಣಿಯಲ್ಲೂ ಬಿಚ್ಚುತ್ತಾನೆ, ಕ್ರೇನಿಗೆ ಸನ್ನೆ ಮಾಡುವವರ ಕೈಯಲ್ಲಿ ಏನೂ ಇರಬಾರದೆಂಬ ನಿಯಮವಿದೆ. ಪಟ್ಟಿ ಬುತ್ತಿಯ ಚೀಲದಲ್ಲಿ ರೊಟ್ಟಿಯ ಜೊತೆ ಮಲಗಿರುತ್ತದೆ.

ಉಳಿದಂತೆ ಮನೆಯಲ್ಲಿ ಅವನ ಕೈ ಸುಮ್ಮನೆ ಕೂರುವುದಿಲ್ಲ. ಮಲಗುವ ಹೊತ್ತಿಗೆ ಬೆರಳು ಕೆಳಗೆ ಮಾಡಿ ಫ್ಯಾನಿನ ವೇಗ ಇಳಿಸುತ್ತಾನೆ. ಅವನಿಗೆ ಸೆಖೆ ಜಾಸ್ತಿ, ಜೋರು ಗಾಳಿಯೇ ಬೇಕು. ಇಳಿಸುವುದು ಯಾಕೆ ಎಂದು ಕೇಳಿದರೆ ಗುರುಲಿಂಗವ್ವ ಮಗನ ಕಡೆ ಗದ್ದ ಎತ್ತಿ ತೋರಿಸುತ್ತಾಳೆ. "ಅಕಿಗೆ ಜೋರ ಗಾಳಿ ಆಗಂಗಿಲ್ಲಂತ. ಲೇ, ಅಕಿ ಇಲ್ಲಿ ಅದಾಳೇನೋ ಅಂದ್ರ, ರೂಢಿ ಬೇ ಅಂತಾನ. ಗೋಡಿ ಕಡೆ ಜಾಗಾ ಬಿಟ್ಟು ಮಕ್ಕೋತಾನ. ಅದೂ ರೂಢಿ ಅಂತ."

ಮನೆಯಲ್ಲಿ ಪಾಠ ಮುಗಿದ ಮೇಲೆ ಒಂದು ಭಾನುವಾರ ಮೂವರೂ ಬಾದಾಮಿಗೆ ಹೋದರು: ಅಂದಾನಪ್ಪ, ಭುವನೇಶ್ವರಿ, ಉಪಕರಣಗಳ ಚೀಲ ಹೊತ್ತ ಜಹಾಂಗೀರ. ಕೋಣೆಯ ಬಲ್ಬಿನ ಗುಂಡಿಯ ಹಿಂದೆ ಡಬ್ಬಿ ಕೂರಿಸಿದರು. ಅದಕ್ಕೆ ಇಂಟರ್‌ನೆಟ್ ಬೇಕೆಂದು ಸಿಮ್ ಹಾಕಿದ ಇನ್ನೊಂದು ಪುಟ್ಟ ಡಬ್ಬಿಯನ್ನು ಗೋಡೆಯ ಪ್ಲಗ್ಗಿಗೆ ಚುಚ್ಚಿದರು. ಅಂದಾನಪ್ಪ ಮನೆಯಲ್ಲಿದ್ದರೆ ಸನ್ನೆ ಮನೆಯ ಡಬ್ಬಿಗೆ, ಹೊರಗಿದ್ದರೆ ಬಾದಾಮಿಯ ಡಬ್ಬಿಗೆ ಹೋಗುವಂತೆ ಜಹಾಂಗೀರ ಫೋನಿಗೆ ಕಲಿಸಿದ. ಅಂದಾನಪ್ಪ ಕೋಣೆಯ ನಡುವೆ ನಿಂತು ಬೆರಳು ಎತ್ತಿ ಸುತ್ತು ತಿರುಗಿಸಿದ. ಬಲ್ಬು ಹತ್ತಿತು. ಬೀದಿಯ ತುದಿಗೆ ಹೋಗಿ ಅಲ್ಲಿಂದ ತಿರುಗಿಸಿದ. ಹತ್ತಿತು. ಭುವನೇಶ್ವರಿ ಬಾಗಿಲಿನಿಂದಲೇ ಗಂಡನಿಗೆ ಕೇಳುವಂತೆ ಕೂಗುವ ಬದಲು ಅಂಗೈ ಮೇಲೆತ್ತಿ ತೋರಿಸಿದಳು. ಬಂತು ಎಂದು.

"ಆರಸೂ ಸನ್ನಿನೂ ಹಾಕಲೇನಣ್ಣ ಇದಕ?" ಎಂದು ಕೇಳಿದ ಜಹಾಂಗೀರ. ಈ ಸೀಮೆಯಲ್ಲಿ ಮನೆಯವರು ದೀಪ ಆರಿಸು ಎನ್ನುವುದಿಲ್ಲ, ಅಪಶಕುನವೆಂದು 'ದೊಡ್ಡದು ಮಾಡು' ಎನ್ನುತ್ತಾರೆ. ಅಂದಾನಪ್ಪ ಹೇಳಿದ್ದೂ ಅದನ್ನೇ. "ನಾ ಹಚ್ಚತೇನಿ. ದೊಡ್ಡದು ಮಾಡೂದು ಅಕಿ ಕೆಲಸ."

ಇನ್ನೊಂದು ಕರಾರನ್ನೂ ಅವನೇ ಹಾಕಿದ. ಒಂದು ದಿನದ ಸನ್ನೆ ಒಂದೇ ದಿನಕ್ಕೆ. ಬಲ್ಬು ಹತ್ತಿದ ಕೂಡಲೇ ಆ ಹೇಳಿಕೆ ಅಳಿಸಿಹೋಗಬೇಕು, ಮರುದಿನ ಮತ್ತೆ ಕೈ ಎತ್ತಿದರೆ ಮಾತ್ರ ಹತ್ತಬೇಕು. ಮರೆತರೆ ಕತ್ತಲೆ. "ಮರೀಬಾರದು ಅಂತನ ಹಂಗ" ಎನ್ನುತ್ತಾನೆ.

ಅಂದಿನಿಂದ ಖಣಿಯಲ್ಲಿ ಪ್ರತಿ ಸಂಜೆ ಒಂದು ದೃಶ್ಯ. ಕೆಲಸ ಮುಗಿದಿದೆ, ಯಂತ್ರಗಳು ಬಾಯಿ ಮುಚ್ಚಿವೆ. ಅಂದಾನಪ್ಪ ಕೈಕಾಲು ತೊಳೆದು, ಪಟ್ಟಿ ಕಟ್ಟಿಕೊಂಡು, ನೆಟ್‌ವರ್ಕ್ ಚೆನ್ನಾಗಿ ಸಿಗುವ ತುಂಡುಗಲ್ಲಿನ ರಾಶಿಯ ಮೇಲೆ ಹತ್ತುತ್ತಾನೆ. ಪಶ್ಚಿಮಕ್ಕೆ ಮುಖ. ಬಾದಾಮಿ ಆ ದಿಕ್ಕಿಗಿದೆ, ಸೂರ್ಯನೂ ಅಲ್ಲಿಗೇ ಇಳಿಯುತ್ತಿದ್ದಾನೆ. ಫೋನಿಗೆ ಒಂದು ಮಿಸ್ಡ್ ಕಾಲ್ ಬರುತ್ತದೆ. ಭುವನೇಶ್ವರಿ ದವಾಖಾನೆಯಿಂದ ಹೊರಟಳು ಎಂದರ್ಥ. ಮಾತು ಬೇಡ, ಕಿವಿ ಬೇಡ. ಅಂದಾನಪ್ಪ ಬಲಗೈ ಎತ್ತಿ ತೋರುಬೆರಳಿನಿಂದ ಮುಗಿಲಲ್ಲಿ ಒಂದು ಸುತ್ತು ಬರೆಯುತ್ತಾನೆ. ರಸ್ತೆಯಲ್ಲಿ ಹೋಗುವವರು ನಿಂತು ನೋಡುತ್ತಾರೆ. ಇಲ್ಲದ ಕ್ರೇನಿಗೆ ಸನ್ನೆ ಮಾಡಿ ಈತ ಸೂರ್ಯನನ್ನೇ ಮೇಲೆತ್ತಲು ಹೊರಟಿದ್ದಾನೆ ಎಂದುಕೊಂಡರೆ ತಪ್ಪು ಅವರದಲ್ಲ.

"ಅಲ್ಲಿ ಹತ್ತಿತು ಅಂತ ನಿನಗ ಹೆಂಗ ಗೊತ್ತಲೇ?" ಎಂದು ಹನಮಂತಪ್ಪ ಕೆಳಗೆ ನಿಂತು ಕಾಲೆಳೆಯುತ್ತಾನೆ. "ಬಾದಾಮಿ ಗುಡ್ಡಾ ಕಾಣ್ತಾವೇನು ನಿನಗ ಇಲ್ಲಿಂದ?"

"ಅಕಿ ಫೋನ್ ಮಾಡ್ತಾಳ. ಹತ್ತಿತ್ತು ಅಂತಾಳ."

"ಹತ್ತಿತ್ತು ಅಂದಳೋ, ಅತ್ತೀನಿ ಅಂದಳೋ? ನಿನ್ನ ಕಿವಿ ಮ್ಯಾಲೆ ನನಗ ಭರೋಸಾ ಇಲ್ಲಪಾ."

ಅಂದಾನಪ್ಪ ನಗುತ್ತಾನೆ. ಅವನ ಲೆಕ್ಕ ಸರಳ. ಅವಳು ದವಾಖಾನೆಯಿಂದ ಕೋಣೆಗೆ ನಡೆದು ಬರುವುದರೊಳಗೆ ದೀಪ ಹತ್ತಿರುತ್ತದೆ. ಕೀಲಿ ತೆಗೆದರೆ ಬೆಳಕು. ಕತ್ತಲೆಗೆ ಅವಳು ಕಾಲಿಡಬೇಕಾಗಿಲ್ಲ. "ಈ ಜನ್ಮದಾಗ ನಾ ಒಂದು ಕೆಲಸಾ ಪೂರಾ ಮಾಡೇನಂದ್ರ ಇದ ನೋಡ್ರಿ" ಎನ್ನುತ್ತಾನೆ. ಇಷ್ಟು ವರ್ಷ ಎತ್ತಿಸಿದ ಕಲ್ಲುಗಳು ಎಲ್ಲಿಯೋ ಯಾರದೋ ಮನೆಯ ನೆಲವಾಗಿ ಹೊಳೆಯುತ್ತಿವೆ. ಅದನ್ನು ಅವನು ಲೆಕ್ಕಕ್ಕೇ ಹಿಡಿಯುವುದಿಲ್ಲ.

ಲೇಖನ ಇಲ್ಲಿಗೇ ಮುಗಿಯಬಹುದಿತ್ತು. ಆದರೆ ಹತ್ತುವ ದೀಪವನ್ನು ಕಣ್ಣಾರೆ ನೋಡಿ ಎರಡು ಸಾಲು ಬರೆಯೋಣ ಎಂಬ ಆಸೆಗೆ ಒಂದು ಬುಧವಾರ ಬಾದಾಮಿಯ ಬಸ್ಸು ಹತ್ತಬೇಕಾಯಿತು.

ಬನಶಂಕರಿ ರಸ್ತೆಯ ಓಣಿ. ಮನೆ ಮಾಲೀಕ ಚಾಂದಸಾಬ ಕಟ್ಟೆಯ ಮೇಲೆ ಕೂತು ಬಂದವರನ್ನು ಬಾಯಿ ತುಂಬ ಮಾತಾಡಿಸುತ್ತಾರೆ. ಲೈನ್‌ಮನ್ ಆಗಿ ನಿವೃತ್ತರಾದವರು. ಹೊತ್ತು ಮುಳುಗಿ ಓಣಿಗೆ ಕತ್ತಲೆ ಇಳಿದಿದೆ. ಭುವನೇಶ್ವರಿ ಆಗಲೇ ಮಿಸ್ಡ್ ಕಾಲ್ ಕೊಟ್ಟು ಹೊರಟಿದ್ದಾಳೆ, ಅಂದರೆ ಇಳಕಲ್ಲಿನಲ್ಲಿ ಕೈ ಎದ್ದಾಗಿದೆ. ಕೋಣೆಯ ಕಿಟಕಿಯಲ್ಲಿ ಮಾತ್ರ ಬೆಳಕಿಲ್ಲ.

ಅವಳು ಬರುತ್ತಾಳೆ. ಕೋಣೆಯ ಹೊರಗಿನ ಗೋಡೆಯಲ್ಲಿ ಒಂದು ಮೇನ್ ಸ್ವಿಚ್. ಅದು ಕೆಳಗಿದೆ. ಅವಳು ಕೈ ಚಾಚಿ ಅದನ್ನು ಮೇಲೆ ಮಾಡುತ್ತಾಳೆ. ಬಾಗಿಲಿನ ಕೀಲಿ ತೆಗೆಯುತ್ತಾಳೆ, ಆದರೆ ಒಳಗೆ ಹೋಗುವುದಿಲ್ಲ. ಹೊಸ್ತಿಲ ಹೊರಗೇ, ಕತ್ತಲಲ್ಲೇ, ಚೀಲ ಹೆಗಲಿಗೆ ಹಾಕಿಕೊಂಡು ನಿಲ್ಲುತ್ತಾಳೆ.

ಚಾಂದಸಾಬರ ಮನೆಯ ನಿಯಮ ಒಂದೇ. ಕೋಣೆಗೆ ಕೀಲಿ ಹಾಕಿ ಹೊರಗೆ ಹೋಗುವವರು ಮೇನ್ ಸ್ವಿಚ್ ಇಳಿಸಿಯೇ ಹೋಗಬೇಕು. ಹಿಂದೊಮ್ಮೆ ಬಾಡಿಗೆಯವರು ಊರಿಗೆ ಹೋಗಿದ್ದಾಗ ವೈರು ಸುಟ್ಟು ಗಾದಿ ಹೊತ್ತಿಕೊಂಡಿತ್ತು. ಭುವನೇಶ್ವರಿ ಬಾಡಿಗೆಗೆ ಬಂದ ದಿನವೇ ಮಾತು ಕೊಟ್ಟಿದ್ದಾಳೆ, ದಿನವೂ ಮುಂಜಾನೆ ಇಳಿಸುತ್ತಾಳೆ. ಡಬ್ಬಿ ಕೂರಿಸಿದ ಆ ಭಾನುವಾರ ಕೋಣೆಗೆ ಕೀಲಿ ಹಾಕಿರಲಿಲ್ಲ, ಮೇನ್ ಮೇಲೇ ಇತ್ತು. ಕರೆಂಟಿಲ್ಲದಾಗ ಡಬ್ಬಿಗೆ ಸನ್ನೆ ಹೇಗೆ ತಲುಪೀತು ಎಂದು ಮೂವರಲ್ಲಿ ಯಾರಿಗೂ ಹೊಳೆಯಲಿಲ್ಲ. ಇಳಕಲ್ಲಿನಿಂದ ಹೊರಟ ಕೈ ದಿನವೂ ಬಾದಾಮಿಯವರೆಗೆ ಬಂದು, ಒಳಗೆ ಬಿಡುವವರಿಲ್ಲದೆ ಹೊರಗೇ ಕಾಯುತ್ತದೆ.

ಮೇನ್ ಮೇಲೆ ಮಾಡಿದ ನಂತರ ಸಿಮ್ಮಿನ ಡಬ್ಬಿ ಎಚ್ಚರಾಗಬೇಕು. ನೆಟ್‌ವರ್ಕ್ ಹುಡುಕಬೇಕು. ತನಗೇನಾದರೂ ಹೇಳಿಕೆ ಬಂದಿದೆಯೇ ಎಂದು ವಿಚಾರಿಸಬೇಕು. ಬಂದಿದ್ದರೆ ಬಲ್ಬಿನ ಡಬ್ಬಿಗೆ ಮುಟ್ಟಿಸಬೇಕು. ಸರ್ಕಾರಿ ಕಡತದಷ್ಟು ತಡವಲ್ಲ, ಆದರೆ ಕತ್ತಲಲ್ಲಿ ನಿಂತವರಿಗೆ ಅದೇ ಬಹಳ.

ಬಲ್ಬಿನ ಗುಂಡಿ ಬಾಗಿಲ ಪಕ್ಕದಲ್ಲೇ ಇದೆ. ನಿಂತಲ್ಲಿಂದ ಕೈ ಚಾಚಿದರೆ ಸಿಗುತ್ತದೆ. ಒತ್ತಬಾರದೇ?

"ನಾ ಒತ್ತಿದ್ರ ಅದು ನನ್ನ ದೀಪ ಆಗತೈತ್ರಿ" ಎನ್ನುತ್ತಾಳೆ ಭುವನೇಶ್ವರಿ. "ಅವರು ಅಲ್ಲಿ ಕೈ ಎತ್ತ್ಯಾರ."

ಚಾಂದಸಾಬ ಕಟ್ಟೆಯಿಂದ ದನಿ ಹಾಕುತ್ತಾರೆ: "ಹಚ್ಕೋ ತಂಗಿ, ಕತ್ತಲಾಗ ಯಾಕ ನಿಂದರತಿ ದಿನಾ?"

"ಬರ್ತೈತಿ ಕಾಕಾ, ಇರ್ರಿ."

ಬಲ್ಬು ಒಮ್ಮೆ ಮಿಣಕ್ ಎಂದು ಹತ್ತಿಕೊಳ್ಳುತ್ತದೆ. ಭುವನೇಶ್ವರಿ ಚೀಲ ಇಳಿಸಿ, ಚಪ್ಪಲಿ ಬಿಟ್ಟು ಒಳಗೆ ಹೋಗುತ್ತಾಳೆ. ಫೋನು ತೆಗೆದು ಸ್ವಲ್ಪ ಗಟ್ಟಿಯಾಗಿ ಹೇಳುತ್ತಾಳೆ: "ಹತ್ತಿತ್ರೀ." ಸುಳ್ಳಲ್ಲ. ಯಾವಾಗ ಹತ್ತಿತು ಎಂದು ಅವನು ಕೇಳಿಲ್ಲ, ಇವಳು ಹೇಳಿಲ್ಲ. ಆದರೆ ಪೇಪರಿನಲ್ಲಿ ಬರುವ ಮೊದಲು ತಾನೇ ಹೇಳಬೇಕೆಂದು ಆ ಶನಿವಾರ ಇಳಕಲ್ಲಿಗೆ ಬಂದಾಗ ಹೇಳಿದಳು. ಬಾಯಿಂದ ಅರ್ಧ, ಕೈಯಿಂದ ಅರ್ಧ.

ಅಂದಾನಪ್ಪ ತಾಯಿಯ ಕಡೆ ತಿರುಗಿ ಮೆಲ್ಲಗೆ ಅಂದ: "ಕತ್ತಲಾಗ ನಿಂದರಬಾರದು ಅಂತ ಮಾಡಿದ್ದೆ. ಈಗ ಅದರ ಸಲುವಾಗೇ ನಿಂದರಾಕತ್ತಾಳ."

ಭಾನುವಾರ ಜಹಾಂಗೀರನನ್ನು ಕರೆಸಲಾಯಿತು. ಡಬ್ಬಿಗಳಿಗೂ ಬಲ್ಬಿಗೂ ಬ್ಯಾಟರಿ ಕೂರಿಸಿದರಾಯಿತು, ಮೇನ್ ಕೆಳಗಿದ್ದರೂ ನಡೆಯುತ್ತದೆ ಎಂದ ಅವನು. ಎಲ್ಲರ ಮುಖವೂ ಅರಳಿತು. ಭುವನೇಶ್ವರಿ ಅಲ್ಲಿಂದಲೇ ಚಾಂದಸಾಬರಿಗೆ ಫೋನು ಮಾಡಿ ಕೇಳಿದಳು. ಅಷ್ಟು ವರ್ಷ ಕಂಬ ಹತ್ತಿದ ಮನುಷ್ಯ ಕರಗಲಿಲ್ಲ. "ಮನ್ಯಾಗ ಮಂದಿ ಇಲ್ಲದಾಗ ಒಳಗ ಕರೆಂಟ್ ಇರಬಾರದು, ತಂಗಿ. ಬ್ಯಾಟರಿ ಕರೆಂಟ್ ಏನು ಕರೆಂಟ ಅಲ್ಲೇನು?" ತಾಂತ್ರಿಕವಾಗಿ ಅವರ ಮಾತಿನಲ್ಲಿ ತಪ್ಪು ಹುಡುಕುವುದು ಕಷ್ಟ. ಬೇರೆ ಕೋಣೆ ನೋಡೋಣ ಎಂದರೆ ದವಾಖಾನೆಗೆ ನಡೆದು ಹೋಗುವಷ್ಟು ಹತ್ತಿರ, ಒಂಟಿ ಹೆಂಗಸಿಗೆ ಇಷ್ಟು ಸುರಕ್ಷಿತ ಮನೆ ಬೇರೆ ಇಲ್ಲ. ಸುರಕ್ಷಿತವಾಗಿರುವುದು ಯಾಕೆಂದರೆ, ಮಾಲೀಕರು ಇಂಥವರು.

ಹಾಗಾದರೆ ಈಗ ಏನಾಸೆ ಎಂದು ಕೇಳಿದ್ದಕ್ಕೆ ಅಂದಾನಪ್ಪ, "ಇಳಕಲ್ಲಿಗೆ ಒಂದು ಜಾಗಾ ಖಾಲಿ ಆಗಬೇಕ್ರಿ" ಎಂದಷ್ಟೇ ಹೇಳಿದ. ಪಟ್ಟಿ ಬಿಚ್ಚಿ ಒಮ್ಮೆ ನೋಡಿ ಮತ್ತೆ ಕಟ್ಟಿಕೊಂಡ.

ಸೋಮವಾರ ಸಂಜೆ. ತುಂಡುಗಲ್ಲಿನ ರಾಶಿ. ಮಿಸ್ಡ್ ಕಾಲ್ ಬರುತ್ತದೆ. ಅಂದಾನಪ್ಪ ಕೈ ಎತ್ತುತ್ತಾನೆ, ಬೆರಳು ಸುತ್ತು ತಿರುಗುತ್ತದೆ, ಸನ್ನೆ ಹೋಯಿತು ಎಂದು ಫೋನು ಕಿಣ್ ಎನ್ನುತ್ತದೆ. ಕೈ ಮಾತ್ರ ಇಳಿಯುವುದಿಲ್ಲ. ಹೊತ್ತು ಮುಳುಗುತ್ತದೆ. ಹನಮಂತಪ್ಪ ಬೈಕು ಚಾಲೂ ಮಾಡಿ ಕಾಯುತ್ತಾನೆ, ಹಾರ್ನ್ ಹಾಕುತ್ತಾನೆ, ಕೊನೆಗೆ ರಾಶಿಯ ಬುಡಕ್ಕೇ ಬಂದು ಕೂಗುತ್ತಾನೆ.

"ಲೇ, ಹೋಗೇತಲ್ಲೋ ಅದು! ಕಿಣ್ ಅಂತು, ನನಗೂ ಕೇಳಿಸ್ತು. ಕೈ ಇಳಸು, ಹೋಗೂಣು ನಡಿ."

"ಇರಲಿ ತಡಿಯೋ" ಎನ್ನುತ್ತಾನೆ ಅಂದಾನಪ್ಪ, ಪಶ್ಚಿಮದಿಂದ ಕಣ್ಣು ಕೀಳದೆ. "ಅಕಿ ಇನ್ನೂ ಹೊರಗ ನಿಂತಾಳ."